ಯಾರು ಸೈಕಲ್ ಅಲ್ಲ?

ಜನವರಿ ೧೧, ೨೦೧೬, ಸೋಮವಾರ. ಮ್ಯಾನ್‌ಹೈಮ್, ಜರ್ಮನಿ

ಈ ನೋಟುಬುಕ್ಕು ಮಗಳು ಗೌರಿಗೆಂದು ತಂದದ್ದು. ಚೌಕುಳಿ ಹಾಳೆ ಬೇಡ, ಗೆರೆ ಹಾಳೆಯೇ ಬೇಕು ಎಂದು ಅವಳು ಮುಖ ತಿರುಗಿಸಿದಳು. ಎರಡನೇ ಇಯತ್ತೆಯವಳಿಗೆ ಇಷ್ಟು ಹಟ! ಹಾಗಾಗಿ ನನ್ನ ಪಾಲಿಗೆ ಬಂತು. ಹದಿಮೂರು ವರ್ಷ ಗಣಿತ ಕಲಿಸಿದವನ ಕೈಗೆ ಚೌಕುಳಿ ಹಾಳೆ ಸಿಕ್ಕರೆ ಸುಮ್ಮನಿರಲು ಆಗುವುದಿಲ್ಲ. ಬಿಡಿಸಲು ಲೆಕ್ಕವಂತೂ ಇಲ್ಲ, ದಿನಚರಿಯಾದರೂ ಆಗಲಿ.

ಇವತ್ತು ಎರಡು ಕಾಗದ ಬಂದವು. ಒಂದು ಗೌರಿಯ ಶಾಲೆಯದು. ಅದರಲ್ಲಿ ತಂದೆಯ ಉದ್ಯೋಗ ತುಂಬಬೇಕಿತ್ತು. ಕೀರ್ತಿ ಪೆನ್ನು ಹಿಡಿದು ಶಿಕ್ಷಕ, ಅಂದರೆ ‘ಲೇರರ್’, ಎಂದು ಬರೆಯಹೊರಟಳು. ನಾನು ತಡೆದೆ.

“ಸುಳ್ಳು ಬರೀಬ್ಯಾಡ. ನಾನೀಗ ಟೀಚರ್ ಅಲ್ಲ.”

“ಮತ್ತೇನ್ರಿ ನೀವು?”

“ನಿನ್ನ ಗಂಡ.”

ನಗಲಿ ಎಂದೇ ಹೇಳಿದ್ದು, ಅವಳು ನಗಲಿಲ್ಲ. ಆ ಜಾಗದಲ್ಲಿ ‘ಓನೆ’ ಎಂದು ಬರೆಸಿದೆ. ಏನೂ ಇಲ್ಲದವನು ಎಂದರ್ಥ.

ಇನ್ನೊಂದು ಕಾಗದ ಊರಿನದು, ಫೋಟೋ ತೆಗೆದು ಫೋನಿಗೆ ಕಳಿಸಿದ್ದಾರೆ. ಗಜೇಂದ್ರಗಡದ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್ ವಿಜಯಮ್ಮ ಅವರ ಸಹಿ ಇದೆ. ನನ್ನ ಎರಡು ವರ್ಷದ ರಜೆ ಮೇ ಕೊನೆಗೆ ಮುಗಿಯುತ್ತದೆ, ಇನ್ನು ಮುಂದುವರಿಸಲು ಬರುವುದಿಲ್ಲ. ಜೂನ್ ಒಂದಕ್ಕೆ ಹಾಜರಾಗುತ್ತೇನೋ, ರಾಜೀನಾಮೆ ಕೊಡುತ್ತೇನೋ ಏಪ್ರಿಲ್ ಮೂವತ್ತರೊಳಗೆ ಬರೆದು ತಿಳಿಸಬೇಕು.

ಕೀರ್ತಿಗೆ ಇಲ್ಲಿ ಕೆಲಸ ಮಾಡುವ ಪರವಾನಗಿ, ಬ್ಲೂ ಕಾರ್ಡ್, ಸಿಕ್ಕಾಗ ಮಾತಾಡಿಕೊಂಡದ್ದು ಎರಡೇ ವರ್ಷ ಎಂದು. ಈಗ ಸೇಂಟ್ ಲಿಯೋನ್-ರೋಟ್‌ನ ಸಾಫ್ಟ್‌ವೇರ್ ಆಫೀಸಿನಲ್ಲಿ ಅವಳ ಕೈಕೆಳಗೆ ಆರು ಜನ. ಗೌರಿಗೆ ಬೇಕಾದಷ್ಟು ಗೆಳತಿಯರು. ಹೋದರೆ ನಾನೊಬ್ಬನೇ ಹೋಗಬೇಕು. ಕಾಗದವನ್ನು ಕೀರ್ತಿ ಎರಡು ಸಲ ಓದಿ, ಫೋನು ನನ್ನ ಕೈಗೆ ಕೊಟ್ಟು, ಅನ್ನಕ್ಕಿಡಲು ಹೋದಳು.

ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ಒಂದು ಪಟ್ಟಿ ಶುರು ಮಾಡಿದ್ದೇನೆ. ತಲೆಬರಹ: ಇಲ್ಲಿ ಇಲ್ಲದ್ದು. ಒಂದು, ಶಾಲೆಯ ಗಂಟೆ. ಎರಡು, ಬೇವಿನ ಗಿಡ. ಮೂರು, ಅಗಸಿ ಚಟ್ನಿ. ನಾಲ್ಕು, ಚಾಕ್‌ಪೀಸಿನ ಧೂಳು. ಐದು, “ಸರಽ” ಎಂಬ ಕೂಗು.

ಜನವರಿ ೨೪, ರವಿವಾರ

ಬಿಸಿಲು ಬಿತ್ತು. ಗೌರಿಯನ್ನು ಕರೆದುಕೊಂಡು ನೆಕರ್ ಹೊಳೆಯ ದಂಡೆಗೆ ಹೋಗಿದ್ದೆ. ನೀರಿನಲ್ಲಿ ಏನೋ ತೇಲುತ್ತಿತ್ತು. ನಾನು ಬಾತುಕೋಳಿ ಎಂದೆ.

“ಅಪ್ಪಾ, ಅದು ಬಾತುಕೋಳಿ ಇಲ್ಲ. ಗಾನ್ಸ್.” ಹೆಬ್ಬಾತು ಎಂದು ಅವಳ ಅರ್ಥ.

“ಬಾತುಕೋಳಿ ‘ಇಲ್ಲ’ ಅನ್ನಬಾರದವ್ವಾ. ಬಾತುಕೋಳಿ ‘ಅಲ್ಲ’.”

“ಎಗಾಲ್, ಪಾಪಾ. ನೈನ್ ಇಸ್ಟ್ ನೈನ್.”

ಯಾವುದಾದರೇನು, ಜರ್ಮನ್ನಿನಲ್ಲಿ ಎರಡಕ್ಕೂ ಒಂದೇ ‘ನೈನ್’ ಅಂತೆ! ನನಗೆ ರೇಗಿತು. ದಂಡೆಯ ಮೇಲೇ ಪಾಠ ಶುರುಮಾಡಿದೆ. “ಇಲ್ಲ ಅಂದ್ರ ನೀರಿನಾಗ ಏನೂ ಇಲ್ಲ, ಖಾಲಿ. ಅಲ್ಲ ಅಂದ್ರ ಏನೋ ಒಂದು ಐತಿ, ಆದ್ರ ಅದು ಬಾತುಕೋಳಿ ಅಲ್ಲ, ಬ್ಯಾರೆ. ತಿಳೀತೇನು?” ಅವಳು ತಲೆಯಾಡಿಸಿದಳು. ಚಳಿಗೆ ಆಡಿಸಿದಳೋ ತಿಳಿದು ಆಡಿಸಿದಳೋ ಗೊತ್ತಾಗಲಿಲ್ಲ.

ಮನೆಗೆ ಬಂದ ಮೇಲೂ ಅದೇ ಗುಂಗು. ಗಣಗಳ ಪಾಠದಲ್ಲಿ ಪೂರಕ ಗಣ ಬಂದ ದಿನ ನಾನು ಬೋರ್ಡಿನ ಮೇಲೆ ಮೊದಲು ಬರೆಯುತ್ತಿದ್ದದ್ದು ಈ ಎರಡೇ ಶಬ್ದ. ಇಲ್ಲ ಎಂದರೆ ಶೂನ್ಯ ಗಣ. ಅಲ್ಲ ಎಂದರೆ ಪೂರಕ ಗಣ. ಆಮೇಲೆ ನಲವತ್ತೆರಡು ಹುಡುಗಿಯರನ್ನು ಬೇವಿನ ಗಿಡದ ಬುಡಕ್ಕೆ ಕರೆದೊಯ್ಯುತ್ತಿದ್ದೆ. ಕಬಡ್ಡಿ ಅಂಕಣಕ್ಕೆ ಹಾಕುವ ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ದೊಡ್ಡ ಚೌಕ. ಅದು ವಿಶ್ವಗಣ, ಇಡೀ ವರ್ಗವೇ ಅದರೊಳಗೆ. ಚೌಕದ ನಡುವೆ ಒಂದು ಸುತ್ತು. ಸರಕಾರದ ಸೈಕಲ್ ಸಿಕ್ಕವರು ಸುತ್ತಿನೊಳಗೆ ಹೋಗಿ ನಿಲ್ಲಬೇಕು. ಸುತ್ತಿನ ಹೊರಗೆ, ಆದರೆ ಚೌಕದ ಒಳಗೆ ಉಳಿದವರು ಪೂರಕ ಗಣ.

ಒಂದು ವರ್ಷ ಬಸಕ್ಕ ಎಂಬ ಹುಡುಗಿ ಇದ್ದಳು. ಹಾಜರಿಯಲ್ಲಿ ಬಸಮ್ಮ, ಆದರೆ ಎಲ್ಲರ ಮೇಲೂ ಅಕ್ಕನಂತೆ ದರ್ಬಾರು ಮಾಡುತ್ತಿದ್ದುದರಿಂದ ಬಸಕ್ಕ. ಸುತ್ತಿನ ಹೊರಗೆ ನಿಂತಿದ್ದವಳು ಕೈ ಎತ್ತಿ ಕೇಳಿದಳು: “ಸರಽ, ನಿಮಗೂ ಸೈಕಲ್ ಇಲ್ಲ. ನೀವೂ ನಮ್ಮ ಗಣದಾಗ ಬರ್ತೀರೇನ್ರಿ?”

“ನಾನು ಚೌಕದ ಹೊರಗ ನಿಂತೀನಿ. ಹೊರಗಿನವರು ಸುತ್ತಿನಾಗೂ ಇಲ್ಲ, ಪೂರಕ ಗಣದಾಗೂ ಇಲ್ಲ. ಅವರು ಈ ಲೆಕ್ಕದಾಗ ಬರಂಗಿಲ್ಲ,” ಎಂದಿದ್ದೆ. ಅವಳಿಗೆ ಸಮಾಧಾನ ಆಗಲಿಲ್ಲ. “ಹಂಗಂದ್ರ ನೀವು ಎಲ್ಲೂ ಇಲ್ಲೇನ್ರಿ?” ಎಂದು ಕೇಳಿದಳು. ವರ್ಗವೆಲ್ಲ ನಕ್ಕಿತ್ತು.

ಆಗ ನಾನೂ ನಕ್ಕಿದ್ದೆ. ಇವತ್ತು ಪಟ್ಟಿಗೆ ಆ ಗಿಡದ ನೆರಳನ್ನೂ ಸೇರಿಸಿದೆ.

ಫೆಬ್ರವರಿ ೯, ಮಂಗಳವಾರ

ಇವತ್ತು ಫಾಶಿಂಗ್. ಊರಿಗೆ ಊರೇ ವೇಷ ಹಾಕಿಕೊಂಡಿದೆ. ಗೌರಿ ಜೇನುನೊಣವಾಗಿ ಶಾಲೆಗೆ ಹೋದಳು. ಮೇಲಿನ ಮನೆಯ ಸ್ಯಾವಿಯೊ ಹಡಗಿನ ಕಪ್ತಾನನ ಟೋಪಿ ಹಾಕಿಕೊಂಡು ಬಂದರು. ಮಂಗಳೂರಿನವರು, ಇಲ್ಲಿಗೆ ಬಂದು ಹತ್ತು ವರ್ಷ ಆಗಿದೆ.

“ಎಂತ ಬಾಳಪ್ಪನವರೇ, ನಿಮ್ಮದು ಎಂತ ವೇಷ?”

“ಓನೆ,” ಎಂದೆ.

ಅವರು ಟೋಪಿ ತೆಗೆದು ಕುಳಿತರು. “ಹೀಗೆ ಮನೆಯಲ್ಲಿ ಕೂತರೆ ತಲೆ ಹಾಳಾಗ್ತದೆ ಮಾರಾಯ್ರೆ. ಎಸ್ ಆರರಲ್ಲಿ ಒಂದು ನಾಖ್‌ಹಿಲ್ಫೆ ಉಂಟು, ಟ್ಯೂಶನ್ ಕ್ಲಾಸು. ಅಲ್ಲಿ ಗಣಿತಕ್ಕೆ ಜನ ಬೇಕಂತೆ. ನಿಮ್ಮ ವೀಸಾ ಕಾರ್ಡಿನಲ್ಲಿ ಕೆಲಸ ಮಾಡಬಹುದು ಅಂತ ಬರ್ದುಂಟಲ್ಲ? ಒಮ್ಮೆ ಹೋಗಿ ಕೇಳಿ, ಅದರಲ್ಲಿ ಎಂತ ಹೋಗ್ತದೆ?”

ನನ್ನ ಜರ್ಮನ್ನು ಹೋಗುತ್ತದೆ, ಮಾನವೂ ಹೋಗುತ್ತದೆ ಎಂದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ. ಅಂದಹಾಗೆ ಎಸ್ ಆರು ಎಂಬುದು ಒಂದು ಓಣಿ. ಈ ಊರಿನ ನಡುಭಾಗದಲ್ಲಿ ಓಣಿಗಳಿಗೆ ಹೆಸರಿಲ್ಲ, ಅಕ್ಷರ ಮತ್ತು ಅಂಕಿ ಮಾತ್ರ. ಆ ಒಂದು ವಿಷಯದಲ್ಲಿ ಇವರ ಮೇಲೆ ನನಗೆ ಮೊದಲಿನಿಂದಲೂ ಗೌರವ.

ಫೆಬ್ರವರಿ ೨೦, ಶನಿವಾರ

ಅಗಸಿ ಸಿಕ್ಕಿತು! ಸೋಪು, ಟೂತ್‌ಪೇಸ್ಟ್ ಮಾರುವ ಅಂಗಡಿಯಲ್ಲಿ. ಇವರು ಇದನ್ನು ಬ್ರೆಡ್ಡಿನ ಮೇಲೆ ಹಾಕಿಕೊಂಡು ತಿನ್ನುತ್ತಾರಂತೆ, ಅದೂ ಹುರಿಯದೆ. ಕೀರ್ತಿ ಹುರಿದು, ಬಳ್ಳೊಳ್ಳಿ ಹಾಕಿ ಕುಟ್ಟಿದಳು. ಮನೆ ತುಂಬ ಅವ್ವನ ಅಡಿಗೆಮನೆಯ ವಾಸನೆ. ಪಟ್ಟಿಯಲ್ಲಿ ಮೂರನೆಯದನ್ನು ಹೊಡೆದುಹಾಕಿದೆ. ಅದರ ಜಾಗಕ್ಕೆ ಹೊಸದೊಂದನ್ನು ಸೇರಿಸಬೇಕೆಂದು ಕುಳಿತರೆ ತಟ್ಟನೆ ಏನೂ ಹೊಳೆಯಲಿಲ್ಲ. ಹೊಟ್ಟೆ ತುಂಬಿತ್ತು, ಅದಕ್ಕಿರಬೇಕು.

ಮಾರ್ಚ್ ೩, ಗುರುವಾರ

ಹೋಗಿ ಬಂದೆ. ಆ ಟ್ಯೂಶನ್ ಕ್ಲಾಸು ನಡೆಸುವವರು ಫ್ರಾವ್ ಫೋಗ್ಟ್ ಎಂಬ ಹೆಂಗಸು. ನಗುವುದಿಲ್ಲ, ಗದರುವುದೂ ಇಲ್ಲ. ನನ್ನ ಸರ್ಟಿಫಿಕೇಟುಗಳನ್ನು ಒಂದೊಂದಾಗಿ ನೋಡಿ, ಅಂಚು ಸರಿಮಾಡಿ ಹಿಂದೆ ಕೊಟ್ಟರು.

“ಕಾಗದ ಪಾಠ ಮಾಡುವುದಿಲ್ಲ. ಏಪ್ರಿಲ್ ಹದಿಮೂರಕ್ಕೆ ಒಂದು ಪಾಠ ಮಾಡಿ ತೋರಿಸಿ,” ಎಂದರು. ಆರು ಮಕ್ಕಳು, ಎಲ್ಲರೂ ಒಂಬತ್ತನೇ ತರಗತಿ. ಸಂಭವನೀಯತೆಯಲ್ಲಿ ಎಲ್ಲರಿಗೂ ಒಂದೇ ಕಡೆ ಏಟು. ‘ಕನಿಷ್ಠ ಒಂದು ಸಲ’ ಎಂದು ಪ್ರಶ್ನೆ ಬಂದರೆ ಸಾಕು, ಪೆನ್ನು ಕೆಳಗಿಡುತ್ತಾರಂತೆ.

ಪುಸ್ತಕ ಕೊಟ್ಟರು, ಟ್ರಾಮಿನಲ್ಲೇ ತಿರುವಿ ನೋಡಿದೆ. ರೋಗ ಗೊತ್ತಾಯಿತು. ಇವರಿಗೆ ಪೂರಕ ಗಣವನ್ನು ಸರಿಯಾಗಿ ಯಾರೂ ಹೇಳಿಯೇ ಇಲ್ಲ. ಬೇಕಾದ್ದನ್ನು ಎಣಿಸಲು ಕಷ್ಟವಾದರೆ ಬೇಡದ್ದನ್ನು ಎಣಿಸಿ ಒಟ್ಟಿನಿಂದ ಕಳೆಯಬೇಕು, ಅಷ್ಟೇ. ನಮ್ಮಲ್ಲಿ ಅಕ್ಷರದ ತಲೆಯ ಪಕ್ಕದಲ್ಲಿ ಒಂದು ಡ್ಯಾಶ್ ಹಾಕಿದರೆ ಪೂರಕ ಗಣ. ಇಲ್ಲಿ ಅಕ್ಷರದ ಮೇಲೆ ಉದ್ದಕ್ಕೆ ಗೆರೆ, ಮಾಡಿನ ಹಾಗೆ. ವಿಶ್ವಗಣಕ್ಕೆ ಇವರು ‘ಗ್ರುಂಡ್‌ಮೆಂಗೆ’ ಎನ್ನುತ್ತಾರೆ.

ನನ್ನ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಹೋಗಿ ಇಳಿದೆ.

ಮಾರ್ಚ್ ೧೬, ಬುಧವಾರ

ಮನಸ್ಸು ಸರಿಯಿಲ್ಲ.

ವಿಜಯಮ್ಮ ಅವರು ಫೋನ್ ಮಾಡಿದ್ದರು. ಪರೀಕ್ಷೆಯ ಗಡಿಬಿಡಿಯ ನಡುವೆ ಕ್ಷೇಮಸಮಾಚಾರ. ಕೊನೆಗೆ ನಾನೇ ಕೇಳಿದೆ, ನನ್ನ ವರ್ಗಗಳನ್ನು ಯಾರು ನೋಡಿಕೊಳ್ಳುತ್ತಿದ್ದಾರೆ ಎಂದು. ಇಷ್ಟು ದಿನ ಕೇಳಿರಲಿಲ್ಲ. ನಾನಿಲ್ಲದೆ ಗಣಿತದ ಪಿರಿಯಡ್ಡು ಖಾಲಿ ಹೋಗುತ್ತಿದೆ ಎಂದೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ.

“ನಿಮ್ಮ ಬಸಕ್ಕ ರೀ, ಬಾಳಪ್ಪ ಸರ್. ಬಿ.ಎಡ್ ಮುಗಿಸಿ ಬಂದಾಳ. ಒಂದೂವರೆ ವರ್ಷ ಆತು, ತಾತ್ಪೂರ್ತಿಕ ಅಂತ ತಗೊಂಡೀವಿ. ಹುಡುಗೀರು ಆಕೀ ಬೆನ್ನು ಬಿಡಂಗಿಲ್ಲ. ನಿಮ್ಮ ಜಾಗ ತೆರವಾದ್ರ ಆಕೀಗೆ ಕಾಯಂ ಮಾಡಬೇಕಂತ ಕಮಿಟಿಯವರ ವಿಚಾರ. ಆದ್ರ ಜಾಗ ನಿಮ್ಮದು. ನೀವು ಬರ್ತೀನಿ ಅಂದ್ರ ಆಕೀ ಮೇ ತಿಂಗಳಿಗೆ ಮನೀಗೆ ಹೋಗಬೇಕು. ಒತ್ತಾಯ ಏನಿಲ್ಲ, ಗೊತ್ತಿರಲಿ ಅಂತ ಹೇಳಿದೆ.”

ಆಮೇಲೆ ಒಂದು ಫೋಟೋ ಕಳಿಸಿದರು. ಬೇವಿನ ಗಿಡ. ಸುಣ್ಣದ ಚೌಕ. ಸುತ್ತು. ಹುಡುಗಿಯರ ನಡುವೆ ಇಲಕಲ್ ಸೀರೆಯುಟ್ಟು ಬಸಕ್ಕ. ಚೌಕದ ಒಳಗೇ ನಿಂತಿದ್ದಾಳೆ! ಶಿಕ್ಷಕರು ಹೊರಗೆ ನಿಲ್ಲಬೇಕು, ಅಷ್ಟೂ ನೆನಪಿಲ್ಲವೇ? ಫೋಟೋವನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ಬೇರೆ ತಪ್ಪು ಸಿಗಲಿಲ್ಲ.

ನನ್ನ ಗಿಡ, ನನ್ನ ಚೌಕ, ನನ್ನ ಪಾಠ. ಹೊಟ್ಟೆಕಿಚ್ಚು ಎಂದರೆ ಇದೇ. ನನ್ನ ಕೈಯಲ್ಲಿ ಕಲಿತ ಹುಡುಗಿಯ ಮೇಲೆ ಹೊಟ್ಟೆಕಿಚ್ಚು.

ಏಪ್ರಿಲ್ ೮, ಶುಕ್ರವಾರ. ಯುಗಾದಿ

ಬೆಲ್ಲ ಇತ್ತು, ಬೇವು ಇಲ್ಲ. ಕೀರ್ತಿ ಮೆಂತೆಕಾಳು ಕುಟ್ಟಿ ಹಾಕಿದಳು. ಗೌರಿ ನಾಲಗೆ ಚಾಚಿ, “ಅಪ್ಪಾ, ಇದು ಬೇವು ಅಲ್ಲ!” ಎಂದಳು. ಸರಿಯಾಗಿ ಹೇಳಿದಳಲ್ಲ ಎಂಬ ಖುಷಿಗೆ ನಾನು ಎರಡು ಚಮಚ ತಿಂದೆ.

ಗೌರಿ ಶಾಲೆಗೆ ಹೋದ ಮೇಲೆ ಕೀರ್ತಿಯನ್ನು ಕೇಳಿಯೇಬಿಟ್ಟೆ. ಇವತ್ತು ಅವಳಿಗೆ ರಜೆ. “ನಾನು ಹೋಗಲೋ ಇರಲೋ, ಒಂದು ಮಾತು ಸೈತ ಕೇಳಲಿಲ್ಲಲ್ಲ ನೀನು?”

ಅವಳು ಪಾತ್ರೆ ಒರೆಸುತ್ತಿದ್ದಳು. ಒರೆಸುತ್ತಲೇ ಹೇಳಿದಳು.

“ಕೇಳಿಲ್ಲ ಅಂದ್ರ ನನಗ ನೀವು ಬ್ಯಾಡ ಅಂತ ಅಲ್ರಿ. ಇರ್ರಿ ಅಂದ್ರ ನನ್ನ ಸಲುವಾಗಿ ಇರ್ತೀರಿ. ಆಮ್ಯಾಲೆ ಜನ್ಮಪೂರ್ತಿ ಆ ಪಟ್ಟಿ ಬರಕೋತ ಕುಂದರ್ತೀರಿ.”

“ಯಾವ ಪಟ್ಟಿ?”

“ನೋಟುಬುಕ್ಕಿನ ಕಡೀ ಹಾಳಿ. ನಾ ಬ್ಯಾರೆ ಏನೂ ಓದಿಲ್ಲ, ಆಣಿ ಮಾಡತೀನಿ. ಅದರಾಗ ಹದಿನೇಳು ಅದಾವು. ನಿಮಗ ಇಲ್ಲಿ ಏನೇನು ಇಲ್ಲ ಅಂತ ಹದಿನೇಳು ಬರದೀರಿ. ನಾನು, ಗೌರಿ ಇಲ್ಲೇ ಅದೀವಲ್ರಿ. ನಮ್ಮನ್ನ ಯಾವ ಪಟ್ಟಿಯೊಳಗ ಬರದೀರಿ?”

ಮದುವೆಯಾಗಿ ಹತ್ತು ವರ್ಷದಲ್ಲಿ ಅವಳು ನನ್ನೆದುರು ಹೀಗೆ ಕಣ್ಣೀರು ಹಾಕಿದ್ದು ಇದು ಎರಡನೇ ಸಲ. ಒರೆಸುವ ಬಟ್ಟೆ ಇಸಿದುಕೊಂಡು ಉಳಿದ ಪಾತ್ರೆಗಳನ್ನು ನಾನೇ ಒರೆಸಿದೆ.

ಏಪ್ರಿಲ್ ೧೩, ಬುಧವಾರ

ಪಾಠ ಮಾಡಿ ತೋರಿಸಿ ಬಂದೆ. ಒಂದೂ ಬಿಡದೆ ಬರೆಯುತ್ತೇನೆ.

ಕೋಣೆಗೆ ಕಾರ್ಪೆಟ್ ಇತ್ತು, ಸುಣ್ಣದ ಮಾತೇ ಇಲ್ಲ. ಅದು ಗೊತ್ತಿದ್ದರಿಂದ ಕೀರ್ತಿಯ ಕೆಂಪು ಉಣ್ಣೆಯ ಉಂಡೆ ಒಯ್ದಿದ್ದೆ. ಮೇಜುಗಳನ್ನು ಗೋಡೆಗೆ ಸರಿಸಿ, ಆರೂ ಮಕ್ಕಳನ್ನು ನಡುವೆ ನಿಲ್ಲಿಸಿ, ಸುತ್ತಲೂ ದಾರ ಹಾಸಿ ಚೌಕ ಮಾಡಿದೆ. ನಡುವೆ ಸುತ್ತು. ಫ್ರಾವ್ ಫೋಗ್ಟ್ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕುಳಿತಿದ್ದರು.

ಉದಾಹರಣೆಗೆ ನನ್ನ ಹಳೆಯ ಸೈಕಲ್ಲೇ ಇಟ್ಟುಕೊಂಡಿದ್ದೆ. ಸೈಕಲ್ಲಿನ ಮುತ್ತಜ್ಜ ಮೊದಲು ಓಡಿದ್ದು ಇದೇ ಊರಿನಲ್ಲಂತೆ, ಇಲ್ಲಿ ಅದಕ್ಕೆ ಕೊರತೆಯಿಲ್ಲ. ನೆಟ್ಟಗೆ ಪೂರಕ ಗಣದಿಂದಲೇ ಶುರುಮಾಡೋಣ ಎಂದು ‘ಯಾರಿಗೆ ಸೈಕಲ್ ಇಲ್ಲ?’ ಎಂದು ಕೇಳಹೊರಟೆ. ಮನಸ್ಸಿನಲ್ಲಿ ಕನ್ನಡ ಸರಿಯಾಗಿಯೇ ಇತ್ತು. ಬಾಯಿಂದ ಬಂದ ಜರ್ಮನ್ ಇದು:

“ವೇರ್ ಇಸ್ಟ್ ಕೈನ್ ಫಾರ್‌ರಾಡ್?”

ಅಂದರೆ, ಯಾರು ಸೈಕಲ್ ಅಲ್ಲ?

ಎಲಿಫ್ ಎಂಬ ಹುಡುಗಿ, ಪಾಠ ಶುರುವಾದಾಗಿನಿಂದ ಕಿಟಕಿಯನ್ನೇ ನೋಡುತ್ತಿದ್ದವಳು, ನಿಧಾನಕ್ಕೆ ಕೈ ಎತ್ತಿದಳು. “ನಾನು ಸೈಕಲ್ ಅಲ್ಲ,” ಎಂದಳು, ಬಹಳ ಗಂಭೀರವಾಗಿ. ಪಕ್ಕದವನೂ ಎತ್ತಿದ. ಎಲ್ಲರೂ ಎತ್ತಿದರು. ಆಮೇಲೆ ನಗು, ಹೊಟ್ಟೆ ಹಿಡಿದುಕೊಂಡು ನಗು.

ನನ್ನ ಕಥೆ ಮುಗಿಯಿತು ಎಂದುಕೊಂಡೆ. ಹೊಳೆಯ ದಂಡೆಯಲ್ಲಿ ಮಗಳಿಗೆ ಇಲ್ಲ, ಅಲ್ಲ ಎಂದು ಭಾಷಣ ಮಾಡಿದವನು ನಾನೇ ಅಲ್ಲವೇ? ಎದ್ದ ಕೈಗಳನ್ನು ನೋಡಿದೆ. ಕೈ ಎತ್ತಿ ಎಂದು ಸನ್ನೆ ಮಾಡಲು ಎತ್ತಿದ್ದ ನನ್ನದೂ ಮೇಲೇ ಇತ್ತು. ಒಟ್ಟು ಏಳು ಕೈ. ತಟ್ಟನೆ ಹೊಳೆಯಿತು: ಲೆಕ್ಕ ತಪ್ಪಿಲ್ಲ, ಲೆಕ್ಕ ಬರೋಬರಿ ಇದೆ!

“ಕೈ ಇಳಿಸಬೇಡಿ,” ಎಂದೆ. “ಸೈಕಲ್ ಆಗಿರುವವರು ಎಷ್ಟು ಜನ?”

“ಸೊನ್ನೆ.”

“ಹಾಗಾದರೆ ಈ ಸುತ್ತಿನೊಳಗೆ?”

“ಖಾಲಿ.”

“ಸೈಕಲ್ ಅಲ್ಲದವರು?”

ಎಲಿಫ್ ದಾರದ ಚೌಕವನ್ನು ಬೆರಳಿನಲ್ಲಿ ಸುತ್ತ ತೋರಿಸಿ, “ಎಲ್ಲರೂ. ನೀವೂ,” ಎಂದಳು.

ಶೂನ್ಯ ಗಣದ ಪೂರಕ ಇಡೀ ವಿಶ್ವಗಣ. ಊರಿನಲ್ಲಿ ಇದಕ್ಕೆ ಎರಡು ಪಿರಿಯಡ್ಡು ಹಿಡಿಯುತ್ತಿತ್ತು. ಆಮೇಲೆ ವ್ಯಾಕರಣ ತಿದ್ದಿಕೊಂಡು ನಿಜವಾದ ಪ್ರಶ್ನೆ ಕೇಳಿದೆ. ನಾಲ್ವರಿಗೆ ಸೈಕಲ್ ಇತ್ತು, ನಾವು ಮೂವರು ಸುತ್ತಿನ ಹೊರಗೆ ಉಳಿದೆವು. ಕೊನೆಗೆ ದಾಳದ ಲೆಕ್ಕ ಕೊಟ್ಟೆ. ಎರಡು ಸಲ ಎಸೆದರೆ ಕನಿಷ್ಠ ಒಂದು ಸಲ ಆರು ಬೀಳುವ ಸಂಭವ ಎಷ್ಟು? ಎಲ್ಲರೂ ಪೆನ್ನು ಕಚ್ಚಿದರು. ಎಲಿಫ್ ಗೊಣಗುವುದು ಕೇಳಿಸಿತು. “ಆರು ಬೀಳದೇ ಇರುವುದು ಐದೈದಲೆ ಇಪ್ಪತ್ತೈದು. ಒಟ್ಟು ಮೂವತ್ತಾರು. ಉಳಿದದ್ದು ಹನ್ನೊಂದು.” ತಲೆ ಎತ್ತಿ ನನ್ನನ್ನು ನೋಡಿದಳು. “ಹೆರ್ ಬಾಳಪ್ಪ, ಇಷ್ಟೇನಾ?”

ಇಷ್ಟೇನಾ! ಆ ಮಾತು ಕೇಳಿ ಎರಡು ವರ್ಷವಾಗಿತ್ತು.

ಫ್ರಾವ್ ಫೋಗ್ಟ್ ದಾರ ಸುತ್ತಿ ಉಂಡೆ ಮಾಡಿ ಕೈಗಿಟ್ಟರು. “ಮಂಗಳವಾರ, ಗುರುವಾರ, ಮಧ್ಯಾಹ್ನ ಮೂರಕ್ಕೆ. ಆ ಸೈಕಲ್ ಪ್ರಶ್ನೆಯನ್ನು ಮಾತ್ರ ತಿದ್ದಬೇಡಿ,” ಎಂದರು. ನಕ್ಕರೋ ಇಲ್ಲವೋ ಹೇಳಲಾರೆ.

ಸಂಜೆ ಕೀರ್ತಿಗೆ ಹೇಳಿದರೆ ನಕ್ಕೂ ನಕ್ಕೂ ಕುರ್ಚಿಯಿಂದ ಜಾರಿದಳು. ಗೌರಿಯಂತೂ ಮನೆಯೆಲ್ಲ ಓಡಾಡಿ ಪ್ರತಿಯೊಂದು ಸಾಮಾನಿಗೂ ನೀನು ಸೈಕಲ್ ಅಲ್ಲ ಎಂದು ಹೇಳಿ ಬಂದಳು.

ಒಂದು ತಪ್ಪು ಆಗಿದೆ. ದಾರ ಹಾಸುವಾಗ ಅಳತೆ ನೋಡಿಕೊಳ್ಳದೆ ನಾನೂ ಒಳಗೇ ನಿಂತುಬಿಟ್ಟಿದ್ದೆ. ಮುಂದಿನ ಸಲ ಗಮನ ಕೊಡಬೇಕು.

ಏಪ್ರಿಲ್ ೨೧, ಗುರುವಾರ

ಎಲಿಫ್‌ಗೆ ನಾಳೆ ಪರೀಕ್ಷೆ. ಅಭ್ಯಾಸಕ್ಕೆ ಹತ್ತು ಲೆಕ್ಕ ಬರೆದುಕೊಡಿ ಎಂದಳು. ಚೀಲದಲ್ಲಿ ಬೇರೆ ಕಾಗದ ಇರಲಿಲ್ಲ. ಈ ನೋಟುಬುಕ್ಕಿನ ಕೊನೆಯ ಹಾಳೆಯ ಒಂದು ಮಗ್ಗುಲು ಖಾಲಿ ಇತ್ತು, ಅದನ್ನೇ ಹರಿದು ಬರೆದುಕೊಟ್ಟೆ. ನಮ್ಮ ಮಕ್ಕಳಲ್ಲಿ ಇನ್ನಿಬ್ಬರು ಭಿನ್ನರಾಶಿಯಲ್ಲಿ ಹಿಂದಿದ್ದಾರೆ, ಅವರನ್ನು ಬೇರೆಯಾಗಿ ಕೂರಿಸಬೇಕು. ಕೆಲಸ ಬಹಳ. ಇಷ್ಟೇ ಸಾಕು ಇವತ್ತಿಗೆ.

ಏಪ್ರಿಲ್ ೨೯, ಶುಕ್ರವಾರ

ಬರೆದೆ.

ಮೊದಲು ಬರೆದದ್ದು: ‘ಜೂನ್ ಒಂದರಿಂದ ನಾನು ತಮ್ಮ ಶಾಲೆಯ ಶಿಕ್ಷಕನಲ್ಲ.’ ಹೊಡೆದುಹಾಕಿದೆ. ಆ ‘ಅಲ್ಲ’ ಬರೆಯಲು ಮನಸ್ಸು ಒಪ್ಪಲಿಲ್ಲ. ಆಮೇಲೆ ಬರೆದೆ: ‘ಜೂನ್ ಒಂದರಿಂದ ನಾನು ತಮ್ಮ ಶಾಲೆಯ ಸೇವೆಯ ಮೇಲೆ ಇರುವುದಿಲ್ಲ.’ ಕೀರ್ತಿ ಓದಿ ನೋಡಿದಳು. ನನ್ನ ಹೆಗಲ ಮೇಲೆ ಕೈ ಇಟ್ಟಳು. ಸಹಿ ಮಾಡಿ, ಫೋಟೋ ತೆಗೆದು ಕಳಿಸಿ, ಬಚ್ಚಲಿಗೆ ಹೋಗಿ ಅತ್ತೆ. ನನಗಾಗಿಯೇ ಬರೆದುಕೊಳ್ಳುವುದಲ್ಲವೇ, ಮುಚ್ಚುಮರೆ ಯಾಕೆ?

ಮಧ್ಯಾಹ್ನ ಫೋನ್ ಬಂತು.

“ಸರಽ, ನಮಸ್ಕಾರ್ರಿ. ನಾನು ಬಸಕ್ಕ.”

ಅದೇ ದನಿ, ಸ್ವಲ್ಪ ಗಟ್ಟಿಯಾಗಿದೆ. ವಿಜಯಮ್ಮ ಅವಳನ್ನು ಶಾಲೆಗೆ ಕರೆಸಿ ಆಗಲೇ ತಿಳಿಸಿದ್ದರು. “ನನ್ನ ಸಲುವಾಗಿ ಬಿಟ್ರೇನ್ರಿ ಸರ? ಹಂಗಿದ್ರ ನಂಗ ಬ್ಯಾಡ. ಖರೇ ಹೇಳ್ರಿ.”

“ನಿನ್ನ ಸಲುವಾಗಿ ಅಲ್ಲವ್ವಾ. ನನಗೂ ಇಲ್ಲಿ ಮಕ್ಕಳು ಅದಾವು, ಮಂಗಳವಾರ ಬಿಟ್ಟು ಬರಾಕ ಆಗಂಗಿಲ್ಲ,” ಎಂದೆ. ಆಮೇಲೆ ಇನ್ನೊಂದು ಮಾತು ತಾನಾಗಿಯೇ ಹೊರಬಂತು. “ಆ ಬೇವಿನ ಗಿಡದ ಬುಡಕ ಇನ್ನ ನಾನು ಇಲ್ಲಲ್ಲ ಅಂತ ಸಂಕಟ ಆಗತೈತಿ, ಅಷ್ಟಽ.”

“ನೀವು ಇಲ್ಲ ಅಂತ ಯಾರಂದ್ರು ಸರ? ಅಲ್ಲಿ ನಿಂತಾಕಿ ನಾನು, ನೀವು ಅಲ್ಲ, ಅಷ್ಟಽ. ಇಲ್ಲ ಬ್ಯಾರೆ, ಅಲ್ಲ ಬ್ಯಾರೆ. ನೀವಽ ಕಲಿಸಿದ್ದು.”

ಹದಿಮೂರು ವರ್ಷ ಸರಿ ಉತ್ತರ ಕೊಟ್ಟವರಿಗೆಲ್ಲ ಹೇಳಿದ್ದನ್ನೇ ಹೇಳಿದೆ.

“ಬರೋಬರಿ. ಕುಂದ್ರು.”

ಆ ಕಡೆ ಒಂದು ಕುರ್ಚಿ ಎಳೆದ ಸದ್ದು. “ಕುಂತೆ, ಸರ.”

ಆ ಕುರ್ಚಿ ನನ್ನದೇ ಇರಬೇಕು, ಅದರ ಬಲಗಾಲು ಸ್ವಲ್ಪ ಅಲ್ಲಾಡುತ್ತದೆ. ಹೇಳಲು ಮರೆತೆ.